ಬೇಸಗೆಯಲ್ಲಿ ಸೀತಾನದಿಗೆ ನೀರೆಲ್ಲಿಂದ?

ಉಡುಪಿ ಜಿಲ್ಲೆಯ ಹೊಳೆಗಳಿಗೆ ಭೂಗೋಳದ ಪಾಠಪುಸ್ತಕಗಳಲ್ಲಿ ದೊರೆಯುವ ಸ್ಥಳ ಬಹಳ ಕಡಮೆ. ಕಾವೇರಿ ಎಂಟುನೂರು ಕಿಲೋಮೀಟರ್ ಹರಿದು ಮೂಡಣ ಕಡಲನ್ನು ಸೇರುವ ನದಿ. ಅದರ ಮುಂದೆ ನಮ್ಮ ಸೀತಾನದಿ ಒಂದು ತೋಡಿನಂತೆ ಕಂಡರೆ ಆಶ್ಚರ್ಯವಿಲ್ಲ. ಆಗುಂಬೆ, ನರಸಿಂಹಪರ್ವತಗಳ ಸುತ್ತಿನ ಘಟ್ಟದಲ್ಲಿ ಹುಟ್ಟಿ, ಸೋಮೇಶ್ವರ ಅಭಯಾರಣ್ಯವನ್ನು ಹಾದು, ಈಚೆಗೆ ಬೇರೆ ತಾಲೂಕಾಗುವವರೆಗೆ ಕಾರ್ಕಳಕ್ಕೆ ಸೇರಿದ್ದ ಹೆಬ್ರಿಯ ಸೀಮೆಯನ್ನು ಕಳೆದು, ಆಳುಪರ ಹಳೆಯ ರಾಜಧಾನಿಯಾದ ಬಾರಕೂರಿನ ಬದಿಯಲ್ಲಿ ಸಾಗಿ, ಮಾಬುಕಳದ ಸೇತುವೆಯ ಬಳಿ ಅಗಲವಾಗಿ, ಕೊನೆಗೆ ಕೋಡಿಬೆಂಗ್ರೆಯ ಅಳಿವೆಯಲ್ಲಿ ಅದು ಕಡಲನ್ನು ಸೇರುತ್ತದೆ. ಘಟ್ಟದ ಅಂಚಿನಿಂದ ಕಡಲಿಗೆ ನೇರವಾದ ಗೆರೆಯೆಳೆದರೆ ಅದರ ಉದ್ದ ಸುಮಾರು ನಲವತ್ತೈದು ಕಿಲೋಮೀಟರ್ ಮಾತ್ರ. ಅದೇ ಅಳಿವೆಗೆ ತೆಂಕಣಿಂದ ಬಂದು ಕೂಡುವ ಸ್ವರ್ಣಾನದಿಯನ್ನು ಇದರ ಒಡಹುಟ್ಟೆನ್ನಬಹುದು. ಕಾರ್ಕಳದ ಮೂಡಣ ಘಟ್ಟದಿಂದ ಇಳಿದುಬರುವ ಸ್ವರ್ಣೆಯನ್ನು ಹಿರಿಯಡಕದ ಸಮೀಪದ ಬಜೆಯಲ್ಲಿ ತಡೆದು, ಆ ನೀರನ್ನು ಉಡುಪಿ, ಮಣಿಪಾಲಗಳಿಗೆ ಕುಡಿಯಲು ಒದಗಿಸುತ್ತಾರೆ.

ಈ ಹೊಳೆಗಳನ್ನೂ ಅವುಗಳ ಕಾಡನ್ನೂ ಕುರಿತು ನಾವು ತರಗತಿಯಲ್ಲಿಯೂ ಸಭೆಗಳಲ್ಲಿಯೂ ಪದೇ ಪದೇ ಕೇಳುವ ಮಾತು ಒಂದಿದೆ: ಕಾಡಿರುವುದರಿಂದ ಮಳೆ ಬರುತ್ತದೆ, ಕಾಡು ಹೋದರೆ ಮಳೆಯೂ ಹೋಗುತ್ತದೆ. ವಿದ್ಯಾರ್ಥಿಗಳು ಪ್ರಬಂಧಗಳಲ್ಲಿ ಇದನ್ನೇ ಬರೆಯುತ್ತಾರೆ. ನಾವು ಅಧ್ಯಾಪಕರು ಅದಕ್ಕೆ ಅಂಕಗಳನ್ನೂ ಕೊಡುತ್ತೇವೆ. ಹೇಳುವವರ ಉದ್ದೇಶ ಒಳ್ಳೆಯದೆಂಬುದರಲ್ಲಿ ಸಂಶಯವಿಲ್ಲ. ಆದರೆ ಒಳ್ಳೆಯ ಉದ್ದೇಶಕ್ಕೆ ಸಡಿಲವಾದ ಕಾರಣವನ್ನು ಆಧಾರವಾಗಿ ಕೊಟ್ಟರೆ, ಕಾರಣ ಬಿದ್ದಾಗ ಉದ್ದೇಶವೂ ಬೀಳುತ್ತದೆ. ಕಾಡು ಇದ್ದಂತೆಯೇ ಇದ್ದು ಒಂದೆರಡು ವರ್ಷ ಮಳೆ ಕಡಮೆಯಾಯಿತೆನ್ನಿ. ‘ಎಲ್ಲಿ ಹೋಯಿತು ನಿಮ್ಮ ಕಾಡಿನ ಮಹಿಮೆ?’ ಎಂದು ಕೇಳುವವರಿಗೆ ನಾವು ಏನೆಂದು ಉತ್ತರ ಕೊಡಬೇಕು? ಸೋಮೇಶ್ವರದ ಕಾಡು ನಮಗೆ ಮಾಡುತ್ತಿರುವ ಉಪಕಾರ ಮಳೆಯನ್ನು ತರಿಸುವುದಲ್ಲ, ಬಂದ ಮಳೆಯನ್ನು ತಡವಾಗಿ ಕೊಡುವುದು ಎಂಬುದು ನಮ್ಮ ಅಭಿಪ್ರಾಯ. ಈ ಎರಡಕ್ಕೂ ಇರುವ ಅಂತರ ಸಣ್ಣದಲ್ಲ.

ಮೊದಲು ಮಳೆಯ ವಿಚಾರ. ಜೂನ್ ತಿಂಗಳಲ್ಲಿ ಅರಬ್ಬೀ ಸಮುದ್ರದ ಮೇಲಿನಿಂದ ಬರುವ ಗಾಳಿ ನೀರಾವಿಯಿಂದ ಹೆಚ್ಚುಕಡಮೆ ತುಂಬಿರುತ್ತದೆ. ೨೭ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಒಂದು ಘನಮೀಟರ್ ಸ್ಥಳ ಸುಮಾರು ೨೬ ಗ್ರಾಂ ನೀರಾವಿಯನ್ನು ಹಿಡಿಯಬಲ್ಲುದು. ಉಷ್ಣತೆ ೨೨ ಡಿಗ್ರಿಗೆ ಇಳಿದರೆ ಹಿಡಿಯುವುದು ಸುಮಾರು ೧೯ ಗ್ರಾಂ ಮಾತ್ರ. ಮಿಕ್ಕ ೭ ಗ್ರಾಂ ಹನಿಯಾಗಲೇಬೇಕು. ಈ ಗಾಳಿಯನ್ನು ತಣಿಸುವವರು ಯಾರು? ಸೋಮೇಶ್ವರದಿಂದ ಹದಿನಾಲ್ಕು ತಿರುವುಗಳ ದಾರಿಯಲ್ಲಿ ಬಸ್ಸು ಏದುಸಿರುಬಿಡುತ್ತ ಏರುವ ಆ ಗೋಡೆಯೇ. ಕಡಲ ಮಟ್ಟದಿಂದ ಆಗುಂಬೆಯ ಎತ್ತರ ಸುಮಾರು ೬೫೦ ಮೀಟರ್. ನರಸಿಂಹಪರ್ವತ ಇನ್ನೂ ಎತ್ತರ. ಘಟ್ಟಕ್ಕೆ ಬಡಿದು ಮೇಲೇರುವ ಗಾಳಿ ಹಿಗ್ಗುತ್ತದೆ, ಹಿಗ್ಗಿದುದರಿಂದ ತಣಿಯುತ್ತದೆ, ತಣಿದುದರಿಂದ ನೀರನ್ನು ಬಿಟ್ಟುಕೊಡುತ್ತದೆ. (ಆವಿ ಹನಿಯಾಗುವಾಗ ಬಿಡುಗಡೆಯಾಗುವ ಶಾಖವನ್ನೂ ಗಾಳಿಯ ಹಿಗ್ಗುವಿಕೆಯನ್ನೂ ಲೆಕ್ಕಕ್ಕೆ ಹಿಡಿದರೆ ಅಂಕೆಗಳು ಇಷ್ಟು ಸರಳವಾಗಿರಲಾರವು; ಬಿ.ಎಸ್‌ಸಿ. ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು.) ಆದುದರಿಂದಲೇ ಉಡುಪಿಯ ಕಡಲತಡಿಯಲ್ಲಿ ವರ್ಷಕ್ಕೆ ಸುಮಾರು ೪,೦೦೦ ಮಿಲಿಮೀಟರ್ ಮಳೆಯಾದರೆ ಆಗುಂಬೆಯಲ್ಲಿ ೭,೦೦೦ಕ್ಕೂ ಮೀರಿ ಸುರಿಯುತ್ತದೆ, ಘಟ್ಟವನ್ನು ದಾಟಿ ಶಿವಮೊಗ್ಗೆಗೆ ಹೋದರೆ ಸಾವಿರದ ಸುತ್ತಮುತ್ತ ಮಾತ್ರ. ಕಾಡನ್ನು ಕಡಿದವರು ಘಟ್ಟವನ್ನು ಕಿತ್ತೊಯ್ಯಲಾರರು. ಮಳೆಗಾಲದ ಗಾಳಿ ಬೀಸುವವರೆಗೆ ಆಗುಂಬೆಗೆ ಮಳೆ ತಪ್ಪಲಾರದು.

ಹಾಗೆಂದು ಮರಗಳಿಗೂ ಮಳೆಗೂ ಸಂಬಂಧವೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಎಲೆಗಳಿಂದ ಹೊರಬರುವ ಆವಿ ಗಾಳಿಯೊಡನೆ ಮೂಡಲಿಗೆ ಸಾಗಿ ಬೇರೆ ಕಡೆ ಮಳೆಯಾಗುವುದುಂಟು. ಪಶ್ಚಿಮಘಟ್ಟದ ಕಾಡುಗಳ ಆವಿ ತಮಿಳುನಾಡಿನ ಮಳೆಗೆ ನೆರವಾಗುತ್ತದೆಂಬುದನ್ನು ಮುಂಬಯಿಯ ಐ.ಐ.ಟಿ.ಯ ವಿಜ್ಞಾನಿಗಳು ೨೦೧೮ರಲ್ಲಿ ಲೆಕ್ಕಮಾಡಿ ತೋರಿಸಿದರು. ಆದರೆ ಸೀತಾನದಿಯ ಮಟ್ಟಿಗೆ ಮಳೆಯ ಮುಖ್ಯ ಕರ್ತೃಗಳು ಕಡಲು ಮತ್ತು ಘಟ್ಟ.

ಇನ್ನು ಒಂದು ಲೆಕ್ಕ. ಒಂದು ಚದರ ಕಿಲೋಮೀಟರ್ ನೆಲದ ಮೇಲೆ ೭,೦೦೦ ಮಿಲಿಮೀಟರ್, ಎಂದರೆ ಏಳು ಮೀಟರ್, ಮಳೆ ಬಿದ್ದರೆ ಒಟ್ಟು ನೀರು ೭೦ ಲಕ್ಷ ಘನಮೀಟರ್. ಲೀಟರಿನಲ್ಲಿ ಹೇಳುವುದಾದರೆ ೭೦೦ ಕೋಟಿ. ಪಟ್ಟಣದಲ್ಲಿ ಒಬ್ಬನಿಗೆ ದಿನಕ್ಕೆ ೧೩೫ ಲೀಟರ್ ಬೇಕೆಂದು ಹಿಡಿಯುವುದು ವಾಡಿಕೆ. ಆ ಪ್ರಕಾರ ಈ ನೀರು ಸುಮಾರು ೧ ಲಕ್ಷ ೪೦ ಸಾವಿರ ಜನರಿಗೆ ಒಂದು ವರ್ಷಕ್ಕೆ ಸಾಕು. ಉಡುಪಿ ನಗರದ ಜನಸಂಖ್ಯೆ ಇದಕ್ಕೆ ಹೆಚ್ಚು ದೂರದಲ್ಲಿಲ್ಲ. ಎಂದರೆ, ಘಟ್ಟದ ಒಂದೇ ಒಂದು ಚದರ ಕಿಲೋಮೀಟರಿನ ಮಳೆ ಒಂದು ನಗರದ ವರ್ಷದ ನೀರು! ಹೀಗಿದ್ದೂ ೨೦೧೯ರ ಮೇ ತಿಂಗಳಲ್ಲಿ ಬಜೆಯ ಅಣೆಕಟ್ಟು ಬರಿದಾಗಿ, ಉಡುಪಿ, ಮಣಿಪಾಲಗಳ ನಲ್ಲಿಗಳು ದಿನಗಟ್ಟಲೆ ಒಣಗಿದವು. ಹೊಳೆಯ ಮೇಲಣ ಗುಂಡಿಗಳಲ್ಲಿ ನಿಂತಿದ್ದ ನೀರನ್ನು ಪಂಪಿನಿಂದ ಎತ್ತಿ ಅಣೆಕಟ್ಟಿಗೆ ತುಂಬಿಸಬೇಕಾಯಿತು. ಅನಂತರ ವಾರಾಹಿಯ ನೀರನ್ನು ದೂರದಿಂದ ಕೊಳವೆಯಲ್ಲಿ ತರುವ ಯೋಜನೆಯನ್ನೂ ಕೈಗೊಂಡರು.

ಆದುದರಿಂದ ನಮಗಿರುವ ಕೊರತೆ ನೀರಿನದಲ್ಲ, ಕಾಲದ್ದು. ವರ್ಷದ ಮಳೆಯಲ್ಲಿ ಹತ್ತರಲ್ಲಿ ಎಂಟು ಪಾಲಿಗಿಂತ ಹೆಚ್ಚು ಜೂನಿನಿಂದ ಸೆಪ್ಟೆಂಬರಿನೊಳಗೆ ಬಿದ್ದು ಹೋಗುತ್ತದೆ. ತುಂಬಿದ ಹೊಳೆ ಸೆಕೆಂಡಿಗೆ ಎರಡು ಮೀಟರಿನಂತೆ ಓಡಿದರೆ ಅರುವತ್ತು ಕಿಲೋಮೀಟರ್ ದಾರಿಯನ್ನು ಎಂಟೂವರೆ ಗಂಟೆಗಳೊಳಗೆ ಮುಗಿಸುತ್ತದೆ. ಘಟ್ಟದ ಬುಡದಲ್ಲಿ ಸಂಜೆ ಬಿದ್ದ ಮಳೆ ಮರುದಿನ ಕೋಳಿ ಕೂಗುವ ಹೊತ್ತಿಗೆ ಬೆಂಗ್ರೆಯ ಕಡಲಲ್ಲಿರುತ್ತದೆ. ಹಾಗಾದರೆ ಮಳೆ ನಿಂತು ಆರು ತಿಂಗಳಾದ ಮೇಲೂ, ಏಪ್ರಿಲ್ ತಿಂಗಳಲ್ಲಿ, ಸೀತಾನದಿಯ ಕಾಡಿನೊಳಗಿನ ತೋಡುಗಳಲ್ಲಿ ನೀರು ಜಿನುಗುತ್ತಿರುವುದು ಹೇಗೆ? ಈ ನೀರು ಎಲ್ಲಿ ಅಡಗಿತ್ತು?

ಅದು ಮಣ್ಣಿನಲ್ಲಿತ್ತು. ಮಣ್ಣಿನೊಳಗೆ ನೀರಿನ ನಡೆ ಎಷ್ಟು ನಿಧಾನವೆಂಬುದನ್ನು ಮೊದಲು ಅಳೆದು ನಿಯಮವಾಗಿ ಹೇಳಿದವನು ಆನ್ರಿ ಡಾರ್ಸಿ ಎಂಬ ಫ್ರೆಂಚ್ ಇಂಜಿನಿಯರು. ೧೮೫೬ರಲ್ಲಿ ಅವನು ಪ್ರಕಟಿಸಿದ ಗ್ರಂಥದ ವಿಷಯ ದಿಜೋನ್ ನಗರದ ನೀರಿನ ಸರಬರಾಜು. ಆ ಪಟ್ಟಣದ ಕುಡಿಯುವ ನೀರಿನ ಚಿಂತೆಯೇ ಭೂಜಲಶಾಸ್ತ್ರದ ಮೂಲನಿಯಮಕ್ಕೆ ಕಾರಣವಾಯಿತೆಂಬುದನ್ನು ನಮ್ಮ ಪಟ್ಟಣಗಳವರು ನೆನೆಯಬೇಕು. ಮರಳು ತುಂಬಿದ ಕೊಳವೆಯಲ್ಲಿ ನೀರು ಹರಿಯುವ ವೇಗ, ಕೊಳವೆಯ ಎರಡು ತುದಿಗಳ ನೀರಿನ ಮಟ್ಟದ ಅಂತರಕ್ಕೆ ಅನುಗುಣವಾಗಿಯೂ ಕೊಳವೆಯ ಉದ್ದಕ್ಕೆ ವಿಲೋಮವಾಗಿಯೂ ಇರುತ್ತದೆ ಎಂಬುದು ಅವನ ನಿಯಮ. ವಿದ್ಯುತ್ತಿನಲ್ಲಿ ಓಮನ ನಿಯಮವನ್ನು ಕಲಿತವರಿಗೆ ಇದರ ರೂಪ ಹೊಸದಾಗಿ ಕಾಣದು. ಗುಡ್ಡದ ಇಳಿಜಾರಿನ ಮಣ್ಣಿನಲ್ಲಿ ನೀರು ದಿನಕ್ಕೆ ಎರಡು ಮೀಟರ್ ನಡೆಯುತ್ತದೆಂದು ಇಟ್ಟುಕೊಳ್ಳೋಣ. ತೋಡಿನಿಂದ ನಾನೂರು ಮೀಟರ್ ಮೇಲೆ ಸೆಪ್ಟೆಂಬರ್ ಕೊನೆಗೆ ಇಂಗಿದ ಹನಿ ಇನ್ನೂರು ದಿನ ನಡೆದು ಏಪ್ರಿಲ್ ನಡುವಿನಲ್ಲಿ ತೋಡಿಗೆ ಇಳಿಯುತ್ತದೆ. ಮೇಲೆ ಓಡಿದರೆ ಒಂದು ರಾತ್ರಿ, ಕೆಳಗೆ ನಡೆದರೆ ಏಳು ತಿಂಗಳು. ಹೊಳೆಯ ಬೇಸಗೆಯ ಬದುಕೆಲ್ಲ ಈ ಅಂತರದಲ್ಲಿದೆ.

ನೀರು ಮಣ್ಣಿನೊಳಗೆ ಇಳಿಯಬೇಕಾದರೆ ಮಣ್ಣಿನ ಬಾಯಿ ತೆರೆದಿರಬೇಕು. ಐದು ಮಿಲಿಮೀಟರ್ ಅಡ್ಡಳತೆಯ ಮಳೆಹನಿ ಸೆಕೆಂಡಿಗೆ ಸುಮಾರು ಒಂಬತ್ತು ಮೀಟರ್ ವೇಗದಲ್ಲಿ ನೆಲಕ್ಕೆ ಬಡಿಯುತ್ತದೆ. ಬರಿಯ ನೆಲವಾದರೆ ಪ್ರತಿಯೊಂದು ಹನಿಯೂ ಸಣ್ಣ ಸುತ್ತಿಗೆಯಂತೆ ಮಣ್ಣನ್ನು ಚಿಮ್ಮಿಸುತ್ತದೆ. ಚಿಮ್ಮಿದ ನಯವಾದ ಕಣಗಳು ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ. ಮುಂದೆ ಬಿದ್ದ ಮಳೆಗೆ ಕೆಳಗಿಳಿಯಲು ದಾರಿಯಿಲ್ಲದೆ ಅದು ಕೆಂಪಗೆ ಹರಿದು ಹೋಗುತ್ತದೆ. ಮರದ ಕೊಂಬೆ ರೆಂಬೆಗಳು ಈ ಪೆಟ್ಟನ್ನು ತಡೆಯುತ್ತವೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಅದು ಅರ್ಧ ಸತ್ಯ. ಇಪ್ಪತ್ತು ಮೀಟರ್ ಎತ್ತರದ ಎಲೆಯ ತುದಿಯಲ್ಲಿ ಕೂಡಿಕೊಂಡು ತೊಟ್ಟಿಕ್ಕುವ ಹನಿ ಮಳೆಯ ಹನಿಗಿಂತ ದೊಡ್ಡದಾಗಿರುವುದುಂಟು, ಮತ್ತು ನೆಲ ಮುಟ್ಟುವಷ್ಟರಲ್ಲಿ ಅದು ತನ್ನ ವೇಗವನ್ನು ಬಹುಪಾಲು ಮರಳಿ ಪಡೆದಿರುತ್ತದೆ. ನಿಜವಾಗಿ ಪೆಟ್ಟನ್ನು ತಿನ್ನುವುದು ನೆಲದ ಮೇಲಣ ತರಗೆಲೆಯ ಹಾಸು. ಅದರಡಿಯಲ್ಲಿ ಎರೆಹುಳು, ಗೆದ್ದಲು, ಏಡಿ, ಕೊಳೆತ ಬೇರು, ಇವೆಲ್ಲ ಕೊರೆದ ಅಸಂಖ್ಯಾತ ಬಿಲಗಳಿವೆ. ಕಾಡಿನ ಮಣ್ಣು ಒದ್ದೆ ಗೋಣಿಯಂತೆ ನೀರನ್ನು ಹಿಡಿದು ಮೆಲ್ಲಗೆ ಬಿಡುವುದು ಇವುಗಳ ದೆಸೆಯಿಂದ. ಉತ್ತರ ಕನ್ನಡದ ಮಲೆನಾಡಿನಲ್ಲಿ ನಡೆಸಿದ ಅಳತೆಗಳಲ್ಲಿಯೂ ಕೆಡದ ಕಾಡಿನ ನೆಲ, ಬೋಳಾಗಿ ಗಟ್ಟಿಯಾದ ನೆಲಕ್ಕಿಂತ ಬೇಗನೆ ನೀರನ್ನು ಹೀರುವುದೆಂದು ಕಂಡುಬಂದಿದೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಅಮೆರಿಕದ ನ್ಯೂ ಹ್ಯಾಂಪ್‌ಷೈರಿನ ಹಬ್ಬರ್ಡ್ ಬ್ರೂಕ್ ಕಾಡಿನಲ್ಲಿ ೧೯೬೫ರಲ್ಲಿ ಒಂದು ಸಣ್ಣ ತೊರೆಯ ಜಲಾನಯನದ ಮರಗಳನ್ನೆಲ್ಲ ಕಡಿದು, ಮತ್ತೆ ಚಿಗುರದಂತೆ ಔಷಧ ಸಿಂಪಡಿಸಿ, ಆಗುವುದನ್ನು ಅಳೆದರು. ತೊರೆಯ ನೀರು ಕಡಮೆಯಾಗಲಿಲ್ಲ, ಹೆಚ್ಚಾಯಿತು! ಮರಗಳು ಹೀರಿ ಆವಿಯಾಗಿಸುತ್ತಿದ್ದ ನೀರು ಉಳಿದು ತೊರೆಗೆ ಬಂದುದೇ ಇದಕ್ಕೆ ಕಾರಣ. ಹಾಗಾದರೆ ಕಾಡು ನೀರನ್ನು ಕುಡಿಯುವ ವಸ್ತುವೇ ಅಲ್ಲವೆ? ಹೌದು, ಕುಡಿಯುತ್ತದೆ. ಆದರೆ ಆ ಪ್ರಯೋಗದಲ್ಲಿ ಕಡಿದ ಮರಗಳನ್ನು ಬಿದ್ದಲ್ಲಿಯೇ ಬಿಟ್ಟರು, ದಾರಿ ಮಾಡಲಿಲ್ಲ, ನೆಲವನ್ನು ಕದಡಲಿಲ್ಲ. ಮೇಲಾಗಿ ಆ ಸೀಮೆಯಲ್ಲಿ ಮಳೆ, ಹಿಮ ವರ್ಷದುದ್ದಕ್ಕೂ ಹಂಚಿಹೋಗಿ ಬೀಳುತ್ತವೆ. ನಮ್ಮ ಹಾಗೆ ಅರ್ಧ ವರ್ಷ ಒಣಗಿರುವುದಿಲ್ಲ. ಅಷ್ಟಾದರೂ ಮಣ್ಣಿನ ಸಾರ ತೊರೆಯಲ್ಲಿ ತೊಳೆದುಹೋದುದನ್ನು ಕಂಡು ವಿಜ್ಞಾನಿಗಳು ಬೆರಗಾದರು. ನಮ್ಮಲ್ಲಿ ಮರ ಹೋಗುವುದು ಮಣ್ಣಿನೊಡನೆ. ಆಗ ಹೆಚ್ಚುವ ನೀರೆಲ್ಲ ಮಳೆಗಾಲದ ನೆರೆಗೆ ಸೇರುತ್ತದೆ. ಮೇ ತಿಂಗಳಿಗೆ ಉಳಿಯುವುದು ಬರಿಯ ಕಲ್ಲು.

ಈ ತರಗೆಲೆಯ ಹಾಸನ್ನು ನಂಬಿರುವುದು ಹೊಳೆಯೊಂದೇ ಅಲ್ಲ. ಸೋಮೇಶ್ವರವನ್ನು ೧೯೭೪ರಲ್ಲಿ ಅಭಯಾರಣ್ಯವನ್ನಾಗಿ ಸಾರಿದಾಗ ಅದರ ವಿಸ್ತಾರ ೮೮ ಚದರ ಕಿಲೋಮೀಟರ್. ೨೦೧೧ರಲ್ಲಿ ಮುನ್ನೂರಕ್ಕೂ ಹೆಚ್ಚಿಗೆ ಬೆಳೆಸಿದರು. ಸಿಂಗಳೀಕ, ಕಾಟಿ, ಕೆಂಜಳಿಲು, ಮಂಗಟ್ಟೆ ಹಕ್ಕಿ, ಇವುಗಳ ಹೆಸರನ್ನು ವಾಚಕರು ಕೇಳಿದ್ದಾರೆ. ಅಲ್ಲಿಯ ಕಾಳಿಂಗಸರ್ಪದ ಸಂಗತಿ ಮಾತ್ರ ವಿಶೇಷವಾದುದು. ಹಾವುಗಳಲ್ಲಿ ತರಗೆಲೆಯನ್ನು ಒಟ್ಟುಗೂಡಿಸಿ ಗೂಡುಕಟ್ಟುವುದರಲ್ಲಿ ಹೆಸರಾದುದು ಇದೇ. ಮಳೆಗಾಲಕ್ಕೆ ಮುಂಚೆ ಹೆಣ್ಣು ಹಾವು ಒಣಗಿದ ಎಲೆಗಳನ್ನು ಮೈಯಿಂದ ಎಳೆದು ರಾಶಿ ಹಾಕಿ, ಬಿಗಿಮಾಡಿ, ಅದರೊಳಗೆ ಮೊಟ್ಟೆಯಿಡುತ್ತದೆ. ಹೊರಗೆ ಜಡಿಮಳೆ ಸುರಿಯುತ್ತಿದ್ದರೂ ಎಲೆಯ ಮೇಲೆ ಎಲೆ ಹೊದಿಸಿದ ಆ ರಾಶಿ ಮುಳಿಹುಲ್ಲಿನ ಮಾಡಿನಂತೆ ನೀರನ್ನು ಜಾರಿಸಿ ಮೊಟ್ಟೆಗಳನ್ನು ಕಾಯುತ್ತದೆ. ಪಶ್ಚಿಮಘಟ್ಟದ ಕಾಳಿಂಗ ಬೇರೆಯೇ ಆದ ಪ್ರಭೇದವೆಂದು ೨೦೨೪ರಲ್ಲಿ ನಿಶ್ಚಯಿಸಿದ ವಿಜ್ಞಾನಿಗಳು ಅದಕ್ಕೆ ‘ಓಫಿಯೋಫೇಗಸ್ ಕಾಳಿಂಗ’ ಎಂಬ ಹೆಸರಿಟ್ಟರು. ಲ್ಯಾಟಿನ್ ನಾಮಾವಳಿಯಲ್ಲಿ ನಮ್ಮ ಭಾಷೆಯ ಶಬ್ದವೊಂದು ಸೇರಿತೆಂಬ ಸಂತೋಷವನ್ನು ಕನ್ನಡದ ವಿದ್ಯಾರ್ಥಿಗಳು ಪಡಬಹುದು.

ಬೇಸಗೆಯ ಗುಂಡಿಗಳ ಕತೆಯೂ ಹೀಗೆಯೇ. ಹರಿವು ನೂಲಿನಷ್ಟಾದಾಗ ಮೀನುಗಳು ಆಳವಾದ ಗುಂಡಿಗಳಲ್ಲಿ ಕೂಡಿಕೊಳ್ಳುತ್ತವೆ. ೨೦ ಡಿಗ್ರಿಯ ನೀರು ಲೀಟರಿಗೆ ಸುಮಾರು ೯ ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಂಡರೆ, ೩೦ ಡಿಗ್ರಿಯ ನೀರು ೭.೫ ಮಿಲಿಗ್ರಾಂ ಮಾತ್ರ. ದಂಡೆಯ ಮರದ ನೆರಳು ಹೋದ ಗುಂಡಿಯಲ್ಲಿ ಮೀನಿಗೆ ಉಸಿರು ಕಟ್ಟುತ್ತದೆ.

ಕೆಳಗೆ, ಕಡಲತಡಿಯಲ್ಲಿ, ಈ ತಡವಾದ ನೀರಿಗೆ ಇನ್ನೊಂದು ಕೆಲಸವುಂಟು. ಹೊಳೆಯ ಸಿಹಿನೀರು ಇಳಿದಂತೆ ಭರತದ ಉಪ್ಪುನೀರು ಒಳನಾಡಿಗೆ ಏರುತ್ತದೆ. ಉಪ್ಪುನೀರಿನ ಸಾಂದ್ರತೆ ಸಿಹಿನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಹೆಚ್ಚು. ಆದುದರಿಂದ ಸಿಹಿನೀರು ಅದರ ಮೇಲೆ ತೇಲುತ್ತದೆ. ಕಾಪುವಿನಂತಹ ಊರಿನ ಹೊಯಿಗೆಯ ನೆಲದ ಬಾವಿಗಳಿಗೂ ಇದೇ ನ್ಯಾಯ. ಅಲ್ಲಿಯ ಹೊಳೆ ಪಾಪನಾಶಿನಿ, ಆದರೆ ಭೌತವಿಜ್ಞಾನ ಬೇರೆಯಲ್ಲ. ನೆಲದೊಳಗಿನ ಸಿಹಿನೀರು ಕಡಲ ಮಟ್ಟಕ್ಕಿಂತ ಒಂದು ಮೀಟರ್ ಮೇಲಿದ್ದರೆ ಕೆಳಗೆ ಸುಮಾರು ನಲವತ್ತು ಮೀಟರ್ ಸಿಹಿನೀರು ಇರುತ್ತದೆ. ಮೇಲಣದು ಅರ್ಧ ಮೀಟರ್ ಇಳಿದರೆ ಕೆಳಗಿನಿಂದ ಉಪ್ಪು ಇಪ್ಪತ್ತು ಮೀಟರ್ ಏರಿಬರುತ್ತದೆ. ಹರ್ಜ್‌ಬರ್ಗ್ ಎಂಬ ಜರ್ಮನ್ ಇಂಜಿನಿಯರು ಈ ಲೆಕ್ಕವನ್ನು ಪ್ರಕಟಿಸಿದ್ದು ೧೯೦೧ರಲ್ಲಿ. ಕಾಪುವಿನ ದೀಪಸ್ತಂಭ ನಿಂತದ್ದೂ ಅದೇ ವರ್ಷ. ಹಳ್ಳಗಳಲ್ಲಿ ಹಲಗೆಯಿಡುವ ಕಿಂಡಿ ಅಣೆಕಟ್ಟುಗಳು ಉಪ್ಪನ್ನು ತಡೆಯಲು ಉಪಯುಕ್ತವಾದುವೇ. ಆದರೆ ಮೇಲಿನಿಂದ ನೀರು ಬಾರದಿದ್ದರೆ ಹಲಗೆ ಏನನ್ನು ನಿಲ್ಲಿಸೀತು?

ಹಾಗಾದರೆ ಅಪಾಯವಿರುವುದು ಎಲ್ಲಿ? ಕುಮ್ಕಿಯಿಂದ ಒಂದು ಹೊರೆ ಸೊಪ್ಪನ್ನೋ ತರಗೆಲೆಯನ್ನೋ ಹಟ್ಟಿಗೆ ತರುವ ರೈತನಲ್ಲಿ ನಾವು ಅದನ್ನು ಹುಡುಕುವುದಿಲ್ಲ. ಯಂತ್ರದಿಂದ ಒಂದು ವಾರದಲ್ಲಿ ಗುಡ್ಡದ ನೆತ್ತಿಯನ್ನು ಸಮಮಾಡುವುದು, ಮುರಕಲ್ಲಿನ ಕೋರೆಯನ್ನು ತೋಡಿನ ತಲೆಯವರೆಗೆ ಒಯ್ಯುವುದು, ನೂರು ಜಾತಿಯ ಕಾಡಿನ ಜಾಗದಲ್ಲಿ ಅಕೇಶಿಯವನ್ನೋ ರಬ್ಬರನ್ನೋ ಸಾಲುಹಿಡಿದು ನೆಟ್ಟು ಹಸುರೆಲ್ಲ ಒಂದೇ ಎನ್ನುವುದು, ಇವು ದೊಡ್ಡವು. ಹೊಳೆಯ ಹೊಯಿಗೆಯನ್ನು ತೆಗೆಯುವವರೂ ತಿಳಿಯಬೇಕಾದ ಒಂದು ಸಂಗತಿಯಿದೆ: ಒಂದು ಘನಮೀಟರ್ ಹೊಯಿಗೆಯ ಸಂದುಗಳಲ್ಲಿ ಸುಮಾರು ಮುನ್ನೂರು ಲೀಟರ್ ನೀರು ನಿಲ್ಲುತ್ತದೆ. ಲಾರಿಯಲ್ಲಿ ಹೋಗುವುದು ಹೊಯಿಗೆ ಮಾತ್ರವಲ್ಲ, ತೊಟ್ಟಿಯೂ ಹೌದು.

ಪಶ್ಚಿಮಘಟ್ಟವನ್ನು ಕುರಿತ ೨೦೧೧ರ ಗಾಡ್ಗೀಳ್ ವರದಿಗೂ ೨೦೧೩ರ ಕಸ್ತೂರಿರಂಗನ್ ವರದಿಗೂ ಘಟ್ಟದ ಬುಡದ ಹಳ್ಳಿಗಳಲ್ಲಿ ಬಲವಾದ ವಿರೋಧ ಬಂದಿತು. ಆ ವಿರೋಧವನ್ನು ಅಜ್ಞಾನವೆಂದು ತಳ್ಳಿಹಾಕುವುದು ಪಟ್ಟಣದವರಿಗೆ ಸುಲಭ. ಆದರೆ ಹೆಬ್ರಿಯ ಕಡೆಯ ರೈತ ರಸ್ತೆಗೂ ವಿದ್ಯುತ್ತಿಗೂ ಕಾಯುತ್ತ ಕಾಡನ್ನು ಉಳಿಸಬೇಕು, ಅದರ ನೀರನ್ನು ಮಾತ್ರ ಕೆಳಗಿನವರು ಕುಡಿಯಬೇಕು ಎಂಬುದು ನ್ಯಾಯವಾದ ಏರ್ಪಾಡಲ್ಲ. ನ್ಯೂಯಾರ್ಕ್ ನಗರ ೧೯೯೭ರಲ್ಲಿ ಇದಕ್ಕೊಂದು ದಾರಿ ಮಾಡಿಕೊಂಡಿತು. ಭಾರಿ ವೆಚ್ಚದ ಶುದ್ಧೀಕರಣ ಕಾರ್ಖಾನೆಯನ್ನು ಕಟ್ಟುವ ಬದಲು, ತನ್ನ ನೀರು ಬರುವ ಕ್ಯಾಟ್ಸ್‌ಕಿಲ್ ಬೆಟ್ಟಗಳ ಊರುಗಳೊಡನೆ ಒಪ್ಪಂದ ಮಾಡಿ, ಅಲ್ಲಿಯ ನೆಲವನ್ನು ಚೊಕ್ಕಟವಾಗಿಡುವುದಕ್ಕೆ ಹಣ ಕೊಟ್ಟಿತು. ನಮ್ಮ ಪಟ್ಟಣಗಳು ನೀರಿನ ಬಿಲ್ಲಿನಲ್ಲಿ ಒಂದು ಸಣ್ಣ ಪಾಲನ್ನು ಜಲಾನಯನದ ಹಳ್ಳಿಗಳಿಗೆ ಮುಡಿಪಾಗಿಟ್ಟರೆ ತಪ್ಪೇನು? ಅಂತಹ ಹಣವನ್ನು ಕೇಳಬೇಕಾದರೆ, ಯಾವ ತೋಡು ಬೇಸಗೆಯಲ್ಲಿ ಎಷ್ಟು ನೀರನ್ನು ಕೊಡುತ್ತದೆಂಬ ಅಂಕೆಗಳು ಕೈಯಲ್ಲಿರಬೇಕು.

ಆ ಅಂಕೆಗಳನ್ನು ಪಡೆಯುವುದು ವಿದ್ಯಾರ್ಥಿಗಳಿಂದ ಆಗದ ಕೆಲಸವಲ್ಲ. ನೇರವಾಗಿ ಹರಿಯುವ ಹತ್ತು ಮೀಟರ್ ಜಾಗವನ್ನು ಗುರುತಿಸಿ, ಮೇಲಿನ ತುದಿಯಲ್ಲಿ ಒಂದು ಕಿತ್ತಳೆಹಣ್ಣನ್ನು ಬಿಟ್ಟು, ಕೆಳತುದಿಗೆ ಬರಲು ಎಷ್ಟು ಸೆಕೆಂಡ್ ಹಿಡಿಯಿತೆಂದು ನೋಡಬೇಕು. ಕಿತ್ತಳೆ ಬಹುಭಾಗ ಮುಳುಗಿ ತೇಲುವುದರಿಂದ ಗಾಳಿಗೆ ಸುಲಭವಾಗಿ ಸಿಕ್ಕುವುದಿಲ್ಲ. ಮೇಲ್ಮೈಯ ವೇಗ ಸರಾಸರಿಗಿಂತ ಹೆಚ್ಚಾದುದರಿಂದ ಅದನ್ನು ೦.೮೫ರಿಂದ ಗುಣಿಸಿ, ಅಗಲ ಮತ್ತು ಸರಾಸರಿ ಆಳಗಳಿಂದ ಮತ್ತೆ ಗುಣಿಸಿದರೆ ಹರಿವು ದೊರೆಯುತ್ತದೆ. ಆರು ಮೀಟರ್ ಅಗಲ, ಕಾಲು ಮೀಟರ್ ಆಳದ ತೋಡಿನಲ್ಲಿ ಕಿತ್ತಳೆ ನಲವತ್ತು ಸೆಕೆಂಡಿನಲ್ಲಿ ಬಂದಿತೆನ್ನಿ. ಸೆಕೆಂಡಿಗೆ ಸುಮಾರು ೩೨೦ ಲೀಟರ್, ದಿನಕ್ಕೆ ಎರಡು ಮುಕ್ಕಾಲು ಕೋಟಿ ಲೀಟರ್. ಮೊಣಕಾಲು ಮುಳುಗದ ಆ ತೋಡು ಎರಡು ಲಕ್ಷ ಜನರ ನೀರನ್ನು ಹೊತ್ತು ಸಾಗುತ್ತಿದೆ. ಹೆಬ್ರಿ, ಪೆರ್ಡೂರು, ಹಿರಿಯಡಕ, ಕಾರ್ಕಳಗಳ ಶಾಲೆ ಕಾಲೇಜುಗಳು ತಮ್ಮ ಹತ್ತಿರದ ಒಂದೊಂದು ತೋಡನ್ನು ಆರಿಸಿಕೊಂಡು, ಡಿಸೆಂಬರಿನಿಂದ ಮೇವರೆಗೆ ಪ್ರತಿ ತಿಂಗಳ ಮೊದಲ ಭಾನುವಾರ ಒಂದೇ ಸ್ಥಳದಲ್ಲಿ ಅಳೆದು ಬರೆದಿಡಲಿ. ನೀರು ನಿಂತ ದಿನವನ್ನೂ ಮರೆಯದೆ ಬರೆಯಲಿ. ಕಾಡಿನೊಳಗಣ ತೋಡಿಗೆ ಹೋಗುವವರು ಅರಣ್ಯ ಇಲಾಖೆಯ ಅನುಮತಿಯನ್ನು ಮುಂಚಿತವಾಗಿ ಪಡೆಯಬೇಕು. ಜೂನಿನಿಂದ ಅಕ್ಟೋಬರಿನವರೆಗೆ ಯಾರೂ ಹೊಳೆಗೆ ಇಳಿಯಕೂಡದು. ಆ ತಿಂಗಳುಗಳಲ್ಲಿ ಸೇತುವೆಯ ಕಂಬಕ್ಕೆ ಬಣ್ಣದ ಗೆರೆಗಳನ್ನು ಎಳೆದು ದಂಡೆಯ ಮೇಲಿನಿಂದಲೇ ನೀರಿನ ಮಟ್ಟವನ್ನು ಓದಿದರೆ ಸಾಕು.